14 ಸಾಲು ಇದ್ದರೆ ಸಾನೆಟ್ ಆಗುತ್ತಾ?

ಪ್ರಶ್ನೆ: ನಾನು ಬರೆದ ಕವಿತೆಗೆ ಸರಿಯಾಗಿ 14 ಸಾಲುಗಳಿವೆ. ಅದನ್ನು ಸಾನೆಟ್ ಅನ್ನಬಹುದಾ?

ಸಾಲು ಎಣಿಸಿ ಹೇಳೋಕಾಗಲ್ಲ. ಇದನ್ನು ಎಷ್ಟೋ ಸಲ ಬರೆದಿದ್ದೇನೆ, ಆದರೂ ಪ್ರಶ್ನೆ ನಿಂತಿಲ್ಲ. ಹಾಗಾಗಿ ಈ ಸಲ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

'ಸಾನೆಟ್ ಎಂದರೆ 14 ಸಾಲಿನ ಕವಿತೆ' ಅಂತ ಪರೀಕ್ಷೆಗೆ ಬಾಯಿಪಾಠ ಮಾಡಿರುತ್ತೇವೆ. ಅದು ಸುಳ್ಳಲ್ಲ, ಆದರೆ ನಾವು ಅಲ್ಲಿಗೇ ನಿಂತುಬಿಡುತ್ತೇವೆ. 1609ರಲ್ಲಿ ಅಚ್ಚಾದ ಶೇಕ್ಸ್‌ಪಿಯರನ 154 ಸಾನೆಟ್‌ಗಳನ್ನೇ ತೆಗೆದು ನೋಡಿ. 99ನೆಯದಕ್ಕೆ 15 ಸಾಲು. 126ನೆಯದಕ್ಕೆ ಬರೀ 12, ಅದೂ ಎರಡೆರಡು ಸಾಲಿಗೆ ಅಂತ್ಯಪ್ರಾಸ. ಇನ್ನೊಂದು ಕಡೆ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ ಸುಮ್ನೆ ಮಳೆಯನ್ನೇ ಹೊಗಳುತ್ತಾ ಹೋದರೆ 14 ಸಾಲೇನೋ ತುಂಬುತ್ತವೆ, ಆದರೆ ಸಾನೆಟ್ಟಿನ ಜೀವ ಅದರಲ್ಲಿ ಇರುವುದಿಲ್ಲ.

ಆ ಜೀವ ಇರೋದು ತಿರುವಿನಲ್ಲಿ. ಇಟಲಿಯವರು ಅದನ್ನು ವೋಲ್ಟಾ ಅಂತಾರೆ. ಇಟಲಿಯ ಕವಿ ಪೆಟ್ರಾರ್ಕನ ಮಾದರಿಯಲ್ಲಿ ಮೊದಲು ಎಂಟು ಸಾಲು, ಆಮೇಲೆ ಆರು. ಎಂಟರಲ್ಲಿ ಒಂದು ಕೊರಗೋ ಪ್ರಶ್ನೆಯೋ ಬೆಳೆಯುತ್ತದೆ. ಆ ಎಂಟಕ್ಕೂ ಎರಡೇ ಪ್ರಾಸ: 1, 4, 5, 8ನೇ ಸಾಲುಗಳಿಗೆ ಒಂದು, 2, 3, 6, 7ಕ್ಕೆ ಇನ್ನೊಂದು. 9ನೇ ಸಾಲಿನಲ್ಲಿ ಹೊಸ ಪ್ರಾಸ ಬರುತ್ತದೆ, ಮಾತೂ ಅಲ್ಲೇ ಬೇರೆ ದಾರಿ ಹಿಡಿಯುತ್ತದೆ. ಅರ್ಥ ತಿರುಗಿದ್ದು ಕಿವಿಗೂ ಗೊತ್ತಾಗುತ್ತದೆ, ಎಷ್ಟು ಚೆಂದದ ಕಟ್ಟಡ ಅಲ್ವಾ?

ಶೇಕ್ಸ್‌ಪಿಯರನ ಮಾದರಿಯಲ್ಲಿ ನಾಲ್ಕು ಸಾಲಿನ ಮೂರು ಗುಂಪು, ಕೊನೆಗೆ ಒಟ್ಟಿಗೆ ಪ್ರಾಸವಾಗುವ ಎರಡು ಸಾಲು. ಹಾಗಂತ ತಿರುವು ಯಾವಾಗಲೂ ಆ ಕೊನೆಯ ಎರಡರಲ್ಲೇ ಇರಬೇಕೆಂದಿಲ್ಲ. 18ನೆಯದರಲ್ಲಿ ಎಂಟನೇ ಸಾಲಿನ ತನಕ ಬೇಸಿಗೆಯ ಕುಂದುಗಳನ್ನು ಹೇಳಿ, 9ನೇ ಸಾಲಿಗೆ 'ಆದರೆ' ಅಂತ ತಿರುಗುತ್ತಾನೆ. 130ನೆಯದರಲ್ಲಿ 12 ಸಾಲಿನ ತನಕ ನಲ್ಲೆಯ ಬಗ್ಗೆ ಇಲ್ಲ, ಇಲ್ಲ ಅನ್ನುತ್ತಾ ಬಂದು, ಪ್ರೀತಿಯನ್ನು ಕೊನೆಯ ಎರಡಕ್ಕೆ ಉಳಿಸಿಕೊಳ್ಳುತ್ತಾನೆ. ಇಂಗ್ಲಿಷ್ ಕವಿ ಮಿಲ್ಟನ್ ತನ್ನ ಕುರುಡಿನ ಬಗ್ಗೆ ಬರೆದ ಸಾನೆಟ್ಟಿನಲ್ಲಂತೂ ಎಂಟನೇ ಸಾಲಿನ ನಡುವೆಯೇ ತಿರುಗಿಬಿಡುತ್ತಾನೆ. ದೇವರನ್ನು ಪ್ರಶ್ನಿಸುತ್ತಿದ್ದವನಿಗೆ ತಾಳ್ಮೆಯೇ ಅಡ್ಡಬಂದು ಉತ್ತರ ಕೊಡುತ್ತದೆ. ತಡೆಯಲಾರದೆ ಬಂದ ಆ ಉತ್ತರಕ್ಕೆ ಸಾಲು ಮುಗಿಯುವ ತನಕ ಕಾಯಲು ಆಗಿಲ್ಲ. ಇದನ್ನು ಓದಿದ ಮೇಲೂ ಸಾಲು ಎಣಿಸುತ್ತಾ ಕೂರಬೇಡಿ, ದಯವಿಟ್ಟು.

ಅಂದ ಹಾಗೆ, ಎರಡು ಮಾದರಿ ಯಾಕಾಯಿತು ಅಂತ ಯಾರೂ ಕೇಳುವುದಿಲ್ಲ, ನನಗೆ ಅದೇ ಜಾಸ್ತಿ ಇಷ್ಟದ ವಿಷಯ. ಸಾನೆಟ್ ಹುಟ್ಟಿದ್ದು 13ನೇ ಶತಮಾನದಲ್ಲಿ, ಇಟಲಿಯ ಸಿಸಿಲಿ ದ್ವೀಪದಲ್ಲಿ. ಚಕ್ರವರ್ತಿ ಎರಡನೇ ಫ್ರೆಡರಿಕ್‌ನ ಆಸ್ಥಾನದಲ್ಲಿದ್ದ ಜಾಕೊಮೊ ದ ಲೆಂತೀನಿ ಅದನ್ನು ಮೊದಲು ಬರೆದವನು ಅನ್ನುತ್ತಾರೆ. ಪೆಟ್ರಾರ್ಕ್ ಹುಟ್ಟಿದ್ದೇ ಆಮೇಲೆ, 1304ರಲ್ಲಿ. ಇಟಾಲಿಯನ್ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ, ಹಾಗಾಗಿ ಒಂದೇ ಪ್ರಾಸಕ್ಕೆ ನಾಲ್ಕು ಪದ ಹುಡುಕುವುದು ಅಲ್ಲಿ ಕಷ್ಟವಲ್ಲ. ಇಂಗ್ಲಿಷಿನಲ್ಲಿ ಅಷ್ಟು ಸಲೀಸಲ್ಲ. 16ನೇ ಶತಮಾನದಲ್ಲಿ ವಯಟ್ ಅನ್ನೋ ಕವಿ ಸಾನೆಟ್ಟನ್ನು ಇಂಗ್ಲಿಷಿಗೆ ತಂದ, ಅವನ ಕಾಲದವನೇ ಆದ ಕವಿ ಸರ್ರೆ ಪ್ರತಿ ನಾಲ್ಕು ಸಾಲಿಗೆ ಪ್ರಾಸ ಬದಲಿಸಿ ಕೆಲಸ ಹಗುರ ಮಾಡಿದ. ಶೇಕ್ಸ್‌ಪಿಯರನ ಹೆಸರು ಹೊತ್ತಿರುವ ಮಾದರಿ ನಿಜಕ್ಕೂ ಈ ಸರ್ರೆಯದು. 1547ರಲ್ಲಿ ಅವನ ತಲೆ ಕಡಿದಾಗ ಶೇಕ್ಸ್‌ಪಿಯರ್ ಇನ್ನೂ ಹುಟ್ಟಿರಲೇ ಇಲ್ಲ.