ಎದೆ ಸೋತವರ ಕೆಲಸ ಯಾವುದು ಅಂತ ಯಾರೂ ಕೇಳುವುದಿಲ್ಲ

ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಸಂಜೆಗೆ ಕಾಲು ಬಾವು. ಹೀಗಂತ ಹುಬ್ಬಳ್ಳಿಯ ಯಾವ ಆಸ್ಪತ್ರೆಗೆ ಹೋದರೂ ಬೀಡಿ, ಕುಡಿತ, ಶುಗರ್, ಬಿಪಿ ವಿಚಾರಿಸುತ್ತಾರೆ. ಹಳೇ ಬ್ಯಾಟರಿ ಒಡೆದು ಸೀಸದ ಪ್ಲೇಟು ತೆಗೆಯುವ ಕೆಲಸವಾ, ಪಾತ್ರೆಗೆ ಕಲಾಯಿ ಹಾಕುವ ಕೆಲಸವಾ ಅಂತ ಕೇಳುವುದು ಕಡಿಮೆ. ಅಂಥ ಕೆಲಸದಲ್ಲಿ ಮೈ ಸೇರುವ ಸೀಸದಂಥ ಲೋಹವೂ ಹೃದಯವನ್ನು ಸೋಲಿಸಬಹುದು. ತಪ್ಪೆಲ್ಲ ಚಟದ ಮೇಲೆ ಹಾಕುವ ಈ ರೂಢಿ ಇವತ್ತಿನದಲ್ಲ.

1900ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸುತ್ತಮುತ್ತ 6,000ಕ್ಕೂ ಜಾಸ್ತಿ ಜನ ಕಾಯಿಲೆ ಬಿದ್ದರು. ಕೈಕಾಲು ಜೋಮು, ಸೋತ ಹೃದಯ. ಕುಡಿದು ಹೀಗಾಗಿದ್ದಾರೆ ಅಂತ ವೈದ್ಯರು ಮೊದಲು ನಂಬಿದ್ದರು. ಆಮೇಲೆ ನೋಡಿದರೆ ಬಿಯರ್ ತಯಾರಿಸಲು ಬಳಸಿದ ಸಕ್ಕರೆಯಲ್ಲೇ ಆರ್ಸೆನಿಕ್ ಅನ್ನುವ ವಿಷ ಇತ್ತು.

1965-66ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಮತ್ತೆ ಅದೇ ಕಥೆ. ನೊರೆ ಬೇಗ ಇಳಿಯಬಾರದು ಅಂತ ಬಿಯರ್‌ಗೆ ಕೋಬಾಲ್ಟ್ ಅನ್ನುವ ಲೋಹ ಸೇರಿಸುತ್ತಿದ್ದರು. 50ರ ಹತ್ತಿರ ಜನರ ಹೃದಯದ ಸ್ನಾಯು ಹಾಳಾಯಿತು, 20 ಮಂದಿ ಸತ್ತರು. ಕೋಬಾಲ್ಟ್ ನಿಲ್ಲಿಸಿದ ಮೇಲೆ ಹೊಸ ರೋಗಿಗಳು ಬರುವುದೂ ನಿಂತಿತು. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ: ಆ ಕಾಲದಲ್ಲಿ ರಕ್ತಹೀನತೆಗೆ ಅಂತ ಇದಕ್ಕಿಂತ ಜಾಸ್ತಿ ಕೋಬಾಲ್ಟನ್ನು ಔಷಧಿಯಾಗಿ ಕೊಡುತ್ತಿದ್ದರೂ ಆ ರೋಗಿಗಳಿಗೆ ಹೀಗೆ ಆಗಿರಲಿಲ್ಲ, ಸತ್ತವರು ಸರಿಯಾಗಿ ಉಣ್ಣದೆ ಸುಮ್ನೆ ಬಿಯರ್ ಮೇಲೆಯೇ ದಿನ ದೂಡುತ್ತಿದ್ದವರು. ಹೊಟ್ಟೆಗೆ ಸರಿಯಾಗಿ ಸಿಗದವರಿಗೇ ಲೋಹದ ಹೊಡೆತ ಜೋರು, ಅಲ್ವಾ?

ಹೃದಯದ ಸ್ನಾಯು ಹಿಂಡಿಕೊಳ್ಳಲು ಕ್ಯಾಲ್ಸಿಯಂ ಬೇಕು. ಸೀಸ, ಕ್ಯಾಡ್ಮಿಯಂ ಅನ್ನುವ ಇನ್ನೊಂದು ಲೋಹ, ಎರಡೂ ಕ್ಯಾಲ್ಸಿಯಂ ಹೋಗುವ ದಾರಿಯಲ್ಲೇ ನುಗ್ಗಿ ಅದರ ಜಾಗದಲ್ಲಿ ಕೂರುತ್ತವೆ. ಜೀವಕೋಶದೊಳಗೆ ಶಕ್ತಿ ತಯಾರಾಗುವುದೂ ಕುಂಠಿತವಾಗುತ್ತದೆ. ಸೀಸ ಬಿಪಿ ಏರಿಸುತ್ತದೆ, ವರ್ಷಗಟ್ಟಲೆ ಏರಿದ ಬಿಪಿ ಸ್ನಾಯುವನ್ನು ದಪ್ಪ ಮಾಡಿ ಕೊನೆಗೆ ಸೋಲಿಸುತ್ತದೆ. ಮೂಳೆ ಸೇರಿದ ಸೀಸ ದಶಕಗಟ್ಟಲೆ ಅಲ್ಲೇ ಉಳಿದು ನಿಧಾನವಾಗಿ ರಕ್ತಕ್ಕೆ ಇಳಿಯುತ್ತಲೇ ಇರುತ್ತದೆ. ಬೀಡಿ ಹೊಗೆಯಲ್ಲೂ ಕ್ಯಾಡ್ಮಿಯಂ ಇದೆ, ಅದು ಬೇರೆ.

ನಮ್ಮ ದೇಶದಲ್ಲಿ ಪೆಟ್ರೋಲಿನಿಂದ ಸೀಸ ಹೋಗಿದ್ದು 2000ದಲ್ಲಿ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಮೂರನ್ನೂ ಹೃದ್ರೋಗದ ಕಾರಣಗಳ ಸಾಲಿಗೆ ಸೇರಿಸಿ ಹೇಳಿಕೆ ಕೊಟ್ಟಿದ್ದು 2023ರಲ್ಲಿ. ಎಷ್ಟು ತಡ!

ಮೈಯಿಂದ ಲೋಹ ಹೊರಗೆ ಹಾಕುವ ಡ್ರಿಪ್‌ನಿಂದ ಹೃದಯಕ್ಕೆ ಅನುಕೂಲ ಆಗಬಹುದು ಅಂತ 2013ರಲ್ಲಿ ಆಸೆ ಹುಟ್ಟಿತ್ತು. 2024ರಲ್ಲಿ ಮತ್ತೆ ಪರೀಕ್ಷಿಸಿದಾಗ ರಕ್ತದ ಸೀಸ ಶೇ. 61 ಇಳಿಯಿತು, ಆದರೆ ಹೃದಯಾಘಾತ ಕಡಿಮೆ ಆಗಲಿಲ್ಲ. ಹಾಗಾಗಿ ಒಳಗೆ ಹೋಗದಂತೆ ತಡೆಯುವುದೇ ಮುಖ್ಯ. ಬ್ಯಾಟರಿ ಕೆಲಸದವರು ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿ, ಕೆಲಸ ಯಾವುದೆಂದು ಡಾಕ್ಟರಿಗೆ ತಾವಾಗಿಯೇ ಹೇಳಿ. ಕಲಾಯಿ ಹಾಕಿಸುವವರು ಸೀಸ ಬೆರೆಸದ ತವರವನ್ನೇ ಕೇಳಿ. ಸೋಪು ಹಚ್ಚಿ ಕೈ ತೊಳೆದ ಮೇಲೇ ರೊಟ್ಟಿ ಮುಟ್ಟಿ. ಕೆಲಸದ ಬಟ್ಟೆಯನ್ನು ಶೆಡ್ಡಿನಲ್ಲೇ ಬಿಚ್ಚಿಟ್ಟು ಬನ್ನಿ, ಇಲ್ಲದಿದ್ದರೆ ಆ ಧೂಳು ಮನೆ ಮಕ್ಕಳ ಬಾಯಿಗೂ ಹೋಗುತ್ತದೆ.