ಆರು ಚುಕ್ಕೆಯ ನೆಲಜೀರುಂಡೆಯ ರೆಕ್ಕೆಗೆ ಪೆಟ್ಟಾಗಿಲ್ಲ

ಪ್ರಶ್ನೆ: ನಮ್ಮ ಹೊಲದ ಪಕ್ಕದ ಕುರುಚಲು ಕಾಡಿನಲ್ಲಿ ದೊಡ್ಡ ಕಪ್ಪು ಹುಳ ಕಂಡಿತು. ಮೈಮೇಲೆ ಬಿಳಿ ಚುಕ್ಕೆಗಳಿವೆ. ಬೆನ್ನ ಮೇಲೆ ರೆಕ್ಕೆ ಇದ್ದರೂ ಹಾರುತ್ತಿಲ್ಲ. ರೆಕ್ಕೆಗೆ ಪೆಟ್ಟಾಗಿದೆಯಾ? ಮೇಲಕ್ಕೆ ಎಸೆದರೆ ಹಾರುತ್ತದೆ ಅಂತಾರೆ, ನಿಜವಾ?

ಇದೇ ಪ್ರಶ್ನೆ ಎಷ್ಟು ಸಲ ಬಂದಿದೆಯೋ! ಮೊದಲು ಒಂದು ಮಾತು: ದಯವಿಟ್ಟು ಎಸೆಯಬೇಡಿ. ಅದು ಹಾರುವುದಿಲ್ಲ, ಬೀಳುತ್ತದೆ.

ನೀವು ನೋಡಿದ್ದು ಆರು ಚುಕ್ಕೆಯ ನೆಲಜೀರುಂಡೆ. ಅದರ ವೈಜ್ಞಾನಿಕ ಹೆಸರು ಆಂಥಿಯಾ ಸೆಕ್ಸ್‌ಗುಟ್ಟಾಟಾ. 1775ರಲ್ಲೇ ಡೆನ್ಮಾರ್ಕಿನ ಕೀಟವಿಜ್ಞಾನಿ ಫ್ಯಾಬ್ರೀಶಿಯಸ್ ಇದಕ್ಕೆ ಹೆಸರಿಟ್ಟು ವಿವರಿಸಿದ್ದಾರೆ. ಸುಮಾರು ನಾಲ್ಕು ಸೆಂಟಿಮೀಟರ್ ಉದ್ದ. ಎದೆಯ ಮೇಲೆ ಎರಡು, ಬೆನ್ನ ಮೇಲೆ ನಾಲ್ಕು ಬಿಳಿ ಚುಕ್ಕೆ. ದಕ್ಷಿಣ ಭಾರತದ ಕುರುಚಲು ಕಾಡು, ಎಲೆ ಉದುರುವ ಒಣ ಕಾಡು ಇದರ ಮನೆ.

ಈಗ ರೆಕ್ಕೆಯ ವಿಷಯ. ಸಾಮಾನ್ಯವಾಗಿ ಜೀರುಂಡೆಗಳಿಗೆ ಎರಡು ಜೊತೆ ರೆಕ್ಕೆ. ಮುಂದಿನ ಜೊತೆ ಗಟ್ಟಿಯಾಗಿ ಮುಚ್ಚಳದಂತಾಗಿದೆ. ಹಾರಲು ಬಳಕೆಯಾಗುವುದು ಅದರಡಿ ಮಡಚಿಕೊಂಡಿರುವ ತೆಳು ರೆಕ್ಕೆ. ತೆಂಗಿನ ತೋಟದವರು ಕುರುವಾಯಿ ಕೀಟ ನೋಡಿಯೇ ಇರುತ್ತೀರಿ. ರಾತ್ರಿ ದೀಪಕ್ಕೆ ಬಂದು ಬಡಿಯುತ್ತದಲ್ವಾ? ಅದು ಹಾರುವ ಮುಂಚೆ ಮುಚ್ಚಳ ಎತ್ತಿ, ಒಳಗಿನ ರೆಕ್ಕೆ ಬಿಚ್ಚುತ್ತದೆ. ನಮ್ಮ ಆರು ಚುಕ್ಕೆಯದಕ್ಕೆ ಎತ್ತಲು ಮುಚ್ಚಳವೇ ಬಿಡಿಯಾಗಿಲ್ಲ. ಎರಡೂ ನಡುಬೆನ್ನಿನ ಗೆರೆಯಲ್ಲಿ ಬೆಸೆದುಕೊಂಡಿವೆ. ಕೆಳಗೆ ಹಾರುವ ರೆಕ್ಕೆಯೂ ಇಲ್ಲ. ನೀವು ರೆಕ್ಕೆ ಅಂದುಕೊಂಡಿದ್ದು ಗಟ್ಟಿ ಚಿಪ್ಪು. ಪೆಟ್ಟಾಗಲು ಅಲ್ಲಿ ರೆಕ್ಕೆಯೇ ಇಲ್ಲ.

ಇಷ್ಟು ಹೇಳಿದರೆ ಇನ್ನೊಂದು ಮಾತು ಬರುತ್ತದೆ: "ಹಾಗಾದ್ರೆ ಮರಿ ಇರಬೇಕು, ದೊಡ್ಡದಾದ ಮೇಲೆ ರೆಕ್ಕೆ ಬರುತ್ತೆ." ಇಲ್ಲ. ಜೀರುಂಡೆಯ ಮರಿ ಅಂದರೆ ಚಿಪ್ಪಿಲ್ಲದ ಮರಿಹುಳು. ಅದು ಕೋಶದೊಳಗೆ ರೂಪ ಬದಲಿಸಿ ಜೀರುಂಡೆಯಾಗಿ ಹೊರಬರುತ್ತದೆ. ಹೊರಬಂದ ಮೇಲೆ ಪೊರೆ ಕಳಚುವುದಿಲ್ಲ, ಬೆಳೆಯುವುದೂ ಇಲ್ಲ. ಚಿಪ್ಪು, ಚುಕ್ಕೆ ಕಂಡಿತು ಅಂದರೆ ಅದು ಬೆಳೆದು ಮುಗಿದ ಜೀರುಂಡೆ.

ಕೊನೆಗೆ ಉಳಿಯುವುದು ಎಲ್ಲಕ್ಕಿಂತ ಹಟಮಾರಿ ನಂಬಿಕೆ. ನೆಲದಲ್ಲೇ ಓಡಾಡಿ ಓಡಾಡಿ, ಬಳಸದೆ ರೆಕ್ಕೆ ಹೋಯಿತು ಅನ್ನುವುದು. ಕೇಳಲು ಸರಿ ಅನ್ನಿಸುತ್ತದೆ, ಅದಕ್ಕೇ ಸಾಯುವುದಿಲ್ಲ. ಸ್ವೀಡನ್ನಿನ ಕೀಟವಿಜ್ಞಾನಿ ಕಾರ್ಲ್ ಲಿಂಡ್ರೋತ್ ಇದಕ್ಕೆ ಸಂಬಂಧಿಸಿದ ಒಂದು ಒಳ್ಳೆಯ ಪ್ರಯೋಗ ಮಾಡಿ 1946ರಲ್ಲಿ ಪ್ರಕಟಿಸಿದರು. ಯುರೋಪಿನ ಒಂದು ನೆಲಜೀರುಂಡೆಯಲ್ಲಿ ಒಂದೇ ಜಾತಿಯೊಳಗೆ ಗಿಡ್ಡ ರೆಕ್ಕೆಯವೂ ಇವೆ, ಉದ್ದ ರೆಕ್ಕೆಯವೂ ಇವೆ. ಲಿಂಡ್ರೋತ್ ಅವನ್ನು ಜೋಡಿ ಮಾಡಿ ಮರಿಗಳನ್ನು ನೋಡಿದರು. ರೆಕ್ಕೆಯ ಉದ್ದ ತಂದೆ ತಾಯಿಯಿಂದ ಬರುವ ಗುಣ, ಅದರಲ್ಲೂ ಗಿಡ್ಡ ರೆಕ್ಕೆಯೇ ಪ್ರಬಲ, ಅಂದರೆ ಆ ಗುಣ ತಂದೆ ತಾಯಿಯಲ್ಲಿ ಒಬ್ಬರಿಂದ ಬಂದರೂ ಸಾಕು ಅಂತ ತಿಳಿಯಿತು. ಬಳಸಿದ್ದು, ಬಿಟ್ಟಿದ್ದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ರೆಕ್ಕೆ ಇಲ್ಲದೆ ಹುಟ್ಟಿದವು ಚೆನ್ನಾಗಿ ಬದುಕಿ ಜಾಸ್ತಿ ಮರಿ ಮಾಡಿದರೆ, ತಲೆಮಾರುಗಳ ಮೇಲೆ ಇಡೀ ಜಾತಿಯೇ ಹಾಗಾಗುತ್ತದೆ.

ರೆಕ್ಕೆ ಇಲ್ಲದಿದ್ದರೆ ಚೆನ್ನಾಗಿ ಬದುಕುವುದು ಹೇಗೆ? ಅಟ್ಲಾಂಟಿಕ್ ಸಾಗರದ ಮಡೀರಾ ದ್ವೀಪದ ಸುಮಾರು 550 ಜಾತಿಯ ಜೀರುಂಡೆಗಳಲ್ಲಿ 200 ಹಾರಲಾರವು ಅಂತ ಕೀಟವಿಜ್ಞಾನಿ ವೊಲಾಸ್ಟನ್ ಕಂಡುಕೊಂಡಿದ್ದನ್ನು ಡಾರ್ವಿನ್ ಉಲ್ಲೇಖಿಸಿದ್ದರು. ಹಾರಿದವನ್ನು ಗಾಳಿ ಸಮುದ್ರಕ್ಕೆ ಒಯ್ಯುತ್ತದೆ, ನೆಲ ಹಿಡಿದವು ಉಳಿಯುತ್ತವೆ ಅನ್ನುವುದು ಡಾರ್ವಿನ್ ಕೊಟ್ಟ ವಿವರಣೆ. 1943ರಲ್ಲಿ ಅಮೆರಿಕದ ಫಿಲಿಪ್ ಡಾರ್ಲಿಂಗ್ಟನ್ ಬೆಟ್ಟ ಮತ್ತು ದ್ವೀಪಗಳ ನೆಲಜೀರುಂಡೆಗಳನ್ನು ನೋಡಿ, ಗಾಳಿಗಿಂತ ಮುಖ್ಯವಾದದ್ದು ಜಾಗದ ಸ್ಥಿರತೆ ಅಂದರು. ನನಗೆ ಇದೇ ಹೆಚ್ಚು ಒಪ್ಪಿಗೆ. ಬತ್ತಿ ಹೋಗುವ ಕೆರೆಯಂಚಿನ ಹುಳ ಹಾರಿ ಇನ್ನೊಂದು ಕೆರೆ ಹುಡುಕಲೇಬೇಕು. ವರ್ಷವರ್ಷವೂ ಹಾಗೇ ಇರುವ ಕಾಡಿನ ನೆಲದಲ್ಲಿ ಆ ಗರಜಿಲ್ಲ. ರೆಕ್ಕೆ, ಅದನ್ನು ಬಡಿಯುವ ಸ್ನಾಯು ಎರಡಕ್ಕೂ ಆಹಾರ ಬೇಕು. ಅದು ಉಳಿದರೆ ಮೊಟ್ಟೆಗೆ ಸಿಗುತ್ತದೆ.

ಮುಚ್ಚಿದ ಚಿಪ್ಪಿನಿಂದ ಇನ್ನೊಂದು ಲಾಭವೂ ಇದೆ. ಜೀರುಂಡೆಯ ಹೊಟ್ಟೆಯ ಉಸಿರು ತೂತುಗಳು ಚಿಪ್ಪಿನ ಕೆಳಗೇ ತೆರೆಯುತ್ತವೆ. ಅಲ್ಲಿ ನಿಂತ ಗಾಳಿಯಲ್ಲಿ ತೇವ ಇರುವುದರಿಂದ ಮೈಯ ನೀರು ಬೇಗ ಆರುವುದಿಲ್ಲ. ಬಯಲುಸೀಮೆಯ ಬೇಸಿಗೆ ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತು.

ಉಳಿದ ಮೈಯೆಲ್ಲ ಓಟಗಾರನದು, ಬೇಟೆಗಾರನದು. ಉದ್ದ ಕಾಲು, ಮುಂದಕ್ಕೆ ಚಾಚಿದ ದವಡೆ. ಹನ್ನೊಂದು ಗೆಣ್ಣಿನ ಮೀಸೆಯನ್ನು ಚೊಕ್ಕಟವಾಗಿಡಲು ಮುಂಗಾಲಿನಲ್ಲೇ ಒಂದು ಕಚ್ಚು ಇದೆ. ಮೀಸೆಯನ್ನು ಅದರಲ್ಲಿ ಸಿಕ್ಕಿಸಿ ಎಳೆದರೆ ಮಣ್ಣೆಲ್ಲ ಹೋಗುತ್ತದೆ. ಹಾರಿ ತಪ್ಪಿಸಿಕೊಳ್ಳಲಾಗದ್ದಕ್ಕೆ ಹಿಂಬದಿಯಿಂದ ಫಾರ್ಮಿಕ್ ಆಮ್ಲ ಚಿಮ್ಮಿಸುತ್ತದೆ. ಮಲೆನಾಡಿನ ಚಗಳಿ ಇರುವೆಯಲ್ಲಿ ಇರುವುದೂ ಇದೇ ಆಮ್ಲ. ಸುಮ್ನೆ ಮುಖದ ಹತ್ತಿರ ಹಿಡಿದು ಫೋಟೋ ತೆಗೆಯಬೇಡಿ. ಕಣ್ಣಿಗೆ ಬಿದ್ದರೆ ಉಜ್ಜದೆ ಧಾರಾಳವಾಗಿ ನೀರಿನಲ್ಲಿ ತೊಳೆದು ಡಾಕ್ಟರ ಹತ್ತಿರ ಹೋಗಿ.

ಹಾರದ ಜೀವಕ್ಕೆ ಒಂದು ರಸ್ತೆಯೂ ದೊಡ್ಡ ತಡೆ. ಜರ್ಮನಿಯಲ್ಲಿ ಮಾಡರ್ ಎಂಬ ವಿಜ್ಞಾನಿ ಕಾಡಿನ ನೆಲಜೀರುಂಡೆಗಳಿಗೆ ಗುರುತು ಹಾಕಿ ಬಿಟ್ಟು ನೋಡಿದರು. ಅವು ರಸ್ತೆ ದಾಟಿದ್ದು ತೀರಾ ಅಪರೂಪ ಅಂತ 1984ರಲ್ಲಿ ಬರೆದರು. ನಮ್ಮ ಕುರುಚಲು ಕಾಡನ್ನು "ಬೀಳು ಜಮೀನು" ಅಂತ ಅಗೆದು ತುಂಡು ಮಾಡುವಾಗ, ತರಗೆಲೆಗೆ ಬೆಂಕಿ ಇಡುವಾಗ ನನಗೆ ಸಂಕಟ ಆಗುವುದು ಇದಕ್ಕೇ. ಹಕ್ಕಿಯಾದರೆ ಪಕ್ಕದ ಗುಡ್ಡಕ್ಕೆ ಹೋಗುತ್ತದೆ. ಇದು ಎಲ್ಲಿಗೆ ಹೋಗಬೇಕು?

ನೀವು ಕೇಳದಿದ್ದರೂ ಇನ್ನೊಂದು ಹೇಳಿಬಿಡುತ್ತೇನೆ. ಅದೇ ಕಾಡಿನ ತರಗೆಲೆಯಲ್ಲಿ ಏಳು ಚುಕ್ಕೆಯ ಕಪ್ಪು ಹುಳವೂ ಸಿಗಬಹುದು. ಅದು ಜೀರುಂಡೆ ಅಲ್ಲ, ಥೀರಿಯಾ ಅನ್ನುವ ಕಾಡುಜಿರಳೆ. ಆಮ್ಲ ಚಿಮ್ಮಿಸುವ ಜೀರುಂಡೆಯ ವೇಷ ಇದ್ದರೆ ಹಕ್ಕಿಗಳು ಮುಟ್ಟಲು ಹೆದರುತ್ತವೆ, ಅದಕ್ಕೇ ಈ ಚುಕ್ಕೆ ಅಂತ ಭಾವಿಸಲಾಗಿದೆ. ಗುರುತಿಸಲು ತಲೆ ನೋಡಿ. ಜೀರುಂಡೆಯ ತಲೆ, ದವಡೆ ಎದ್ದು ಕಾಣುತ್ತವೆ. ಜಿರಳೆಯ ತಲೆ ಎದೆಯ ಫಲಕದ ಅಡಿ ಅಡಗಿರುತ್ತದೆ, ಮೇಲಿಂದ ನೋಡಿದರೆ ಕಾಣುವುದಿಲ್ಲ.