ಒಂದೇ ಕತ್ತಿ, ಮೂವರು ಮಕ್ಕಳು

ಕೋಣೆಯ ಒಂದು ಮೂಲೆಯಲ್ಲಿ ಮರಳಿನ ತೊಟ್ಟಿ, ಅದರ ಪಕ್ಕ ಬೊಂಬೆಮನೆ. ಕಪಾಟಿನಲ್ಲಿ ಕೈಬೊಂಬೆಗಳು, ಬಣ್ಣ, ಜೇಡಿಮಣ್ಣು, ಆಟದ ಡಾಕ್ಟರ್ ಪೆಟ್ಟಿಗೆ. ಪ್ಲಾಸ್ಟಿಕ್ ಕತ್ತಿ ಮಾತ್ರ ಒಂದೇ. ಒಳಗಿರುವುದು ಆರು ವರ್ಷದ ಮೂವರು ಮಕ್ಕಳು. ಇಂಥ ಕೋಣೆಯಲ್ಲಿ ಮುಂದೆ ಏನಾಗುತ್ತದೆ ಎಂದು ಮಕ್ಕಳನ್ನು ಬಲ್ಲ ಯಾರಾದರೂ ಹೇಳಬಹುದು. ಇಬ್ಬರು ಹುಡುಗರು ಕತ್ತಿಯ ಎರಡು ತುದಿ ಹಿಡಿದು ಎಳೆದಾಡುತ್ತಾರೆ. ಹುಡುಗಿ ಗೋಡೆಗೆ ಅಂಟಿಕೊಂಡು ನೋಡುತ್ತಾಳೆ. ಮನೆಯಲ್ಲಾಗಿದ್ದರೆ ಇಷ್ಟು ಹೊತ್ತಿಗೆ ದೊಡ್ಡವರ ಗದರಿಕೆ ಕೇಳಿಸಿ, ಕತ್ತಿ ಅಟ್ಟ ಸೇರಿರುತ್ತಿತ್ತು. ಇಲ್ಲಿ ನೆಲದ ಮೇಲೆ ಕುಳಿತಿರುವ ಚಿಕಿತ್ಸಕಿ ಏಳುವುದಿಲ್ಲ. "ಇಬ್ಬರಿಗೂ ಅದೇ ಬೇಕು. ಇರುವುದು ಒಂದೇ" ಎಂದು ಹೇಳಿ ಸುಮ್ಮನಾಗುತ್ತಾಳೆ.

ಅವಳ ಪಾಲಿಗೆ ಈ ಜಗಳ ಅಡಚಣೆಯಲ್ಲ. ಮೂವರನ್ನು ಒಂದೆಡೆ ಸೇರಿಸಿದ್ದೇ ಇದು ನಡೆಯಲಿ ಎಂದು.

ಇದರ ಹೆಸರು ಗುಂಪು ಆಟ ಚಿಕಿತ್ಸೆ. ಹಾಗೆಂದಾಗ ಹೆತ್ತವರು ಕೇಳುವ ಮೊದಲ ಪ್ರಶ್ನೆ, ಆಡಿಸುವುದಕ್ಕೂ ಚಿಕಿತ್ಸೆ ಬೇಕೇ ಎಂಬುದು. ಕೇಳಬೇಕಾದ ಪ್ರಶ್ನೆಯೇ. ದೊಡ್ಡವರ ಮನಶ್ಶಾಸ್ತ್ರೀಯ ಚಿಕಿತ್ಸೆ ನಿಂತಿರುವುದು ಮಾತಿನ ಮೇಲೆ. ಆರು ವರ್ಷದ ಮಗು "ತಮ್ಮ ಹುಟ್ಟಿದ ಮೇಲೆ ನನಗೆ ಅಸೂಯೆ" ಎಂದು ಕುರ್ಚಿಯಲ್ಲಿ ಕುಳಿತು ಹೇಳುವುದಿಲ್ಲ. ಪುಟ್ಟ ಬೊಂಬೆಯನ್ನು ಮರಳಿನಲ್ಲಿ ಹೂತುಹಾಕುತ್ತದೆ. 1940ರ ದಶಕದಲ್ಲಿ ಅಮೆರಿಕದ ವರ್ಜೀನಿಯಾ ಆಕ್ಸ್‌ಲೈನ್ ಈ ಆಟಕ್ಕೇ ಮಾತಿನ ಸ್ಥಾನ ಕೊಟ್ಟರು. ಮಗು ದಾರಿ ತೋರಿಸಬೇಕು, ದೊಡ್ಡವರು ಹಿಂಬಾಲಿಸಬೇಕು ಎಂಬುದು ಅವರ ಸೂತ್ರಗಳಲ್ಲಿ ಒಂದು.

ಗುಂಪಿನ ಕಥೆ ಅದಕ್ಕೂ ಮೊದಲಿನದು. 1934ರಲ್ಲಿ ನ್ಯೂಯಾರ್ಕಿನಲ್ಲಿ ಇದನ್ನು ಆರಂಭಿಸಿದ ಸ್ಯಾಮ್ಯುಯೆಲ್ ಸ್ಲಾವ್ಸನ್ ವೈದ್ಯರಲ್ಲ, ಎಂಜಿನಿಯರಿಂಗ್ ಓದಿದವರು. ಮಕ್ಕಳ ಮುಂದೆ ಕೆಲಸದ ಸಾಮಾನು ಹರಡಿ, ತಾವು ಆದಷ್ಟೂ ಬದಿಗೆ ಸರಿದು, ಅವರವರೇ ಹೊಂದಿಕೊಳ್ಳಲು ಬಿಟ್ಟರು. ಅವರು ಬಳಸಿದ ಒಂದು ಮಾತು ನನಗೆ ಬಹಳ ಹಿಡಿಸಿದೆ: ಸಾಮಾಜಿಕ ಹಸಿವು. ಇತರ ಮಕ್ಕಳು ತನ್ನನ್ನು ಸೇರಿಸಿಕೊಳ್ಳಲಿ ಎಂಬ ಆಸೆ ಇರುವ ಮಗು ಆ ಆಸೆಗಾಗಿ ಏನನ್ನಾದರೂ ಬಿಟ್ಟುಕೊಡುತ್ತದೆ. ಕತ್ತಿಯನ್ನೂ ಬಿಡುತ್ತದೆ. ಆ ಹಸಿವೇ ಇಲ್ಲದ ಮಗುವಿಗೆ ಗುಂಪಿನಿಂದ ಪ್ರಯೋಜನವಿಲ್ಲ.

ಹೀಗಾಗಿ ಅರ್ಧ ಕೆಲಸ ಕೋಣೆಯ ಬಾಗಿಲು ತೆರೆಯುವ ಮೊದಲೇ ಮುಗಿದಿರಬೇಕು. 1961ರಲ್ಲಿ ಮಕ್ಕಳ ಗುಂಪು ಚಿಕಿತ್ಸೆಯ ಬಗ್ಗೆ ಪುಸ್ತಕ ಬರೆದ ಹೈಮ್ ಗಿನಾಟ್ ಯಾರನ್ನು ಸೇರಿಸಬೇಕು, ಯಾರನ್ನು ಸೇರಿಸಬಾರದು ಎಂಬುದನ್ನು ವಿವರವಾಗಿ ಚರ್ಚಿಸಿದರು. ಹೊಡೆಯುವ ಸ್ವಭಾವದವರನ್ನೇ ಒಟ್ಟಿಗೆ ಕೂಡಿಹಾಕಿದರೆ ಬೆಂಕಿಗೆ ತುಪ್ಪ ಸುರಿದಂತೆ. ಬಾಯಿ ಬಿಡದವರನ್ನೇ ಸೇರಿಸಿದರೆ ಕೋಣೆಯಲ್ಲಿ ಗಡಿಯಾರದ ಸದ್ದು ಮಾತ್ರ ಕೇಳಿಸೀತು. ಮುಜುಗರದ ಮಗುವಿನ ಜೊತೆ ಸ್ವಲ್ಪ ಚುರುಕಾದದ್ದು ಬೇಕು. ಆದರೆ ಇದನ್ನು ತುಳಿದುಹಾಕುವಷ್ಟು ಚುರುಕಾಗಿರಬಾರದು. ವಯಸ್ಸಿನ ಅಂತರ ಸಾಮಾನ್ಯವಾಗಿ ಒಂದು ವರ್ಷ ಮೀರುವುದಿಲ್ಲ. ಚಿಕ್ಕವರಾದರೆ ಮೂರು ನಾಲ್ಕು ಮಕ್ಕಳೇ ಹೆಚ್ಚು. ಇತ್ತೀಚೆಗಷ್ಟೇ ದೊಡ್ಡ ಆಘಾತಕ್ಕೆ ಸಿಲುಕಿದ ಮಗುವಿಗೆ ಮೊದಲು ಬೇಕಾಗುವುದು ಒಬ್ಬ ದೊಡ್ಡವರ ಪೂರ್ಣ ಗಮನ, ಗುಂಪು ಆಮೇಲೆ.

ಸಮವಯಸ್ಕರಿಂದ ಸಿಗುವಂಥದ್ದು ದೊಡ್ಡವರಿಂದ ಏಕೆ ಸಿಗುವುದಿಲ್ಲ? ಉತ್ತರದ ಒಂದು ತುಣುಕು ಇಲಿಗಳ ಪಂಜರದಲ್ಲಿದೆ. ಇಲಿಮರಿಗಳು ಕುಸ್ತಿಯಾಡುತ್ತವೆ, ಆಡುವಾಗ ಮನುಷ್ಯರ ಕಿವಿಗೆ ಕೇಳದ, ಸುಮಾರು 50 ಕಿಲೋಹರ್ಟ್ಸ್ ಕಂಪನಾಂಕದ ದನಿಯಲ್ಲಿ ಚಿಲಿಪಿಲಿಗುಟ್ಟುತ್ತವೆ. ನರವಿಜ್ಞಾನಿ ಯಾಕ್ ಪಾಂಕ್ಸೆಪ್ ಗಮನಿಸಿದ್ದು ಇದು: ದೊಡ್ಡ ಮರಿ ಪ್ರತಿ ಸಲವೂ ಗೆಲ್ಲುತ್ತಿದ್ದರೆ ಸಣ್ಣದು ಆಟಕ್ಕೆ ಕರೆಯುವುದನ್ನೇ ಬಿಡುತ್ತದೆ. ಸುಮಾರು ಮೂರರಲ್ಲಿ ಒಂದು ಸಲವಾದರೂ ಅದಕ್ಕೆ ಗೆಲ್ಲುವ ಅವಕಾಶ ಬೇಕು. ಅಂದರೆ ಬಲವಿದ್ದವನೂ ಸೋಲಲು ಕಲಿಯಬೇಕು, ಇಲ್ಲವಾದರೆ ಜೊತೆಗಾರನೇ ಇರುವುದಿಲ್ಲ. ಕೆನಡಾದ ಸೆರ್ಜಿಯೊ ಪೆಲಿಸ್ ಮತ್ತು ಸಂಗಡಿಗರು ಇನ್ನೂ ಮುಂದೆ ಹೋದರು. ಆಟವಾಡದ ದೊಡ್ಡ ಇಲಿಯೊಂದಿಗೆ ಮಾತ್ರ ಬೆಳೆದ ಮರಿಗಳಿಗೂ ಸಮವಯಸ್ಕ ಮರಿಗಳೊಂದಿಗೆ ಆಡಿ ಬೆಳೆದವುಗಳಿಗೂ ಮಿದುಳಿನ ಮುಂಭಾಗದ ನರಕೋಶಗಳ ಕವಲುಗಳಲ್ಲೇ ವ್ಯತ್ಯಾಸ ಕಂಡಿತು. ಮಕ್ಕಳು ಇಲಿಗಳಲ್ಲ, ಒಪ್ಪಿದೆ. ಆದರೂ ಆಟ ಬಲ್ಲ ಜೊತೆಗಾರನ ಜಾಗವನ್ನು ಪಕ್ಕದಲ್ಲಿ ಸುಮ್ಮನಿರುವ ದೊಡ್ಡ ಜೀವವೊಂದು ತುಂಬಲಾರದು ಎಂಬುದು ಚಿಕಿತ್ಸಕರು ಕಂಡದ್ದಕ್ಕೆ ತಾಳೆಯಾಗುತ್ತದೆ. ದೊಡ್ಡವರು ಮಗುವಿಗಾಗಿ ಬೇಕೆಂದೇ ಸೋಲುತ್ತಾರೆ, ಕ್ಷಮಿಸುತ್ತಾರೆ, ಕಾಯುತ್ತಾರೆ. ಇನ್ನೊಂದು ಮಗು ಹಾಗಲ್ಲ. ಅದು ತಕ್ಷಣ ಟೂ ಬಿಡುತ್ತದೆ.

ಹಾಗೆಂದು ಚಿಕಿತ್ಸಕಿಗೆ ಕೆಲಸವಿಲ್ಲವೆಂದಲ್ಲ. ಕೈ ಎತ್ತಿದ ಹುಡುಗನಿಗೆ ಅವಳು ಹೇಳುವ ಮಾತಿಗೆ ಒಂದು ಕ್ರಮವಿದೆ. "ನಿನಗೆ ತುಂಬಾ ಸಿಟ್ಟು ಬಂದಿದೆ. ಆದರೆ ಅವನಿರುವುದು ಹೊಡೆಯುವುದಕ್ಕಲ್ಲ. ಬೇಕಾದರೆ ಆ ದಿಂಬಿಗೆ ಹೊಡೆಯಬಹುದು." ಮೊದಲು ಭಾವನೆಗೆ ಹೆಸರು, ಆಮೇಲೆ ಗಡಿ, ಆಮೇಲೆ ಬೇರೆ ದಾರಿ. ಅಮೆರಿಕದ ಆಟ ಚಿಕಿತ್ಸಕ ಗ್ಯಾರಿ ಲ್ಯಾಂಡ್ರೆತ್ ರೂಢಿಗೆ ತಂದ ಈ ಮೂರು ಹೆಜ್ಜೆಗಳಲ್ಲಿ ಮೊದಲನೆಯದನ್ನೇ ನಾವು ಸಾಮಾನ್ಯವಾಗಿ ನುಂಗಿಬಿಡುತ್ತೇವೆ. ನೇರವಾಗಿ ಗಡಿಗೆ ಹಾರುತ್ತೇವೆ. ಗುಂಪಿನಲ್ಲಿ ಇದಕ್ಕೆ ಇನ್ನೊಂದು ಲಾಭವಿದೆ. ಒಬ್ಬನಿಗೆ ಹೇಳಿದ್ದು ಮೂವರ ಕಿವಿಗೂ ಬೀಳುತ್ತದೆ. ಗೋಡೆ ಬಿಟ್ಟು ಅಲುಗದ ಹುಡುಗಿಗೂ ಸಿಟ್ಟಿಗೊಂದು ಹೆಸರಿದೆ, ಸಿಟ್ಟು ಬಂದವನನ್ನು ಯಾರೂ ಹೊರಗೆ ಹಾಕುವುದಿಲ್ಲ ಎಂಬುದು ಗೊತ್ತಾಗುತ್ತದೆ. ಪಕ್ಕದಲ್ಲಿ ನಿಂತು ನೋಡುವುದನ್ನು 1932ರಲ್ಲಿ ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ ಮಕ್ಕಳು ಆಟದಲ್ಲಿ ತೊಡಗುವ ಬಗೆಗಳ ಸಾಲಿನಲ್ಲೇ ಪಟ್ಟಿಮಾಡಿದ್ದರು. "ಹೋಗು, ಸೇರಿಕೋ" ಎಂದು ಅವಳನ್ನು ತಳ್ಳುವ ಅವಸರ ಇಲ್ಲಿ ಯಾರಿಗೂ ಇಲ್ಲ.

ಇದೇ ವಿಚಾರದ ಇನ್ನೊಂದು ರೂಪ 2004ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಲೆಗಾಫ್ ವರದಿ ಮಾಡಿದ ಲೆಗೊ ಚಿಕಿತ್ಸೆ. ಲೆಗೊ ಎಂದರೆ ಒಂದಕ್ಕೊಂದು ಜೋಡಿಸುವ ಪ್ಲಾಸ್ಟಿಕ್ ಇಟ್ಟಿಗೆಗಳ ಆಟಿಕೆ. ಈ ಚಿಕಿತ್ಸೆ ಆಟಿಸಂ ಇರುವ ಮಕ್ಕಳಿಗಾಗಿ ರೂಪಿಸಿದ್ದು. ಒಬ್ಬ ನಕ್ಷೆ ನೋಡಿ ಹೇಳುತ್ತಾನೆ, ಇನ್ನೊಬ್ಬ ಬಿಡಿಭಾಗ ಹುಡುಕಿಕೊಡುತ್ತಾನೆ, ಮೂರನೆಯವನು ಜೋಡಿಸುತ್ತಾನೆ. ಆಮೇಲೆ ಪಾತ್ರ ಬದಲು. ಮಾತನಾಡದೆ ಗೋಪುರ ಏಳುವುದಿಲ್ಲ; ಮಾತನಾಡು ಎಂದು ಯಾರೂ ಬಲವಂತ ಮಾಡಬೇಕಿಲ್ಲ.

ಫಲ ಎಷ್ಟು? 2005ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಆಟ ಚಿಕಿತ್ಸೆಯ 93 ಅಧ್ಯಯನಗಳನ್ನು ಒಟ್ಟುಗೂಡಿಸಿತ್ತು. ಸರಾಸರಿ ಪರಿಣಾಮದ ಅಳತೆ 0.80 ಬಂತು, ಇಂಥ ಲೆಕ್ಕಗಳಲ್ಲಿ ಇದು ದೊಡ್ಡದೇ. ಗುಂಪಿನಲ್ಲಿ ಆಡಿದವರಿಗೂ ಒಬ್ಬೊಬ್ಬರೇ ಆಡಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗುಂಪಿನ ಪರ ವಾದಿಸುತ್ತಿರುವ ನನಗೆ ಇದು ಸ್ವಲ್ಪ ಇರುಸುಮುರುಸಿನ ಸಂಗತಿ. ಇನ್ನೂ ಇರುಸುಮುರುಸಿನದೆಂದರೆ, ತರಬೇತಿ ಪಡೆದ ಹೆತ್ತವರೇ ಆಡಿಸಿದಾಗ ಫಲ ಇನ್ನಷ್ಟು ಹೆಚ್ಚು. ಹಲವು ಅಧ್ಯಯನಗಳಲ್ಲಿ ಮಕ್ಕಳ ಸಂಖ್ಯೆ ಚಿಕ್ಕದು, ಹೋಲಿಕೆ ಏನೂ ಚಿಕಿತ್ಸೆ ಪಡೆಯದವರೊಂದಿಗೆ ಎಂಬ ಆಕ್ಷೇಪವೂ ನ್ಯಾಯವಾದದ್ದೇ. ನಾಲ್ಕು ವಾರದಲ್ಲಿ ಮಗುವನ್ನು ಬದಲಿಸಿಕೊಡುತ್ತೇವೆ ಎನ್ನುವವರನ್ನು ಕಂಡರೆ ದೂರ ಇರುವುದು ಒಳ್ಳೆಯದು. ಅದೇ ವಿಶ್ಲೇಷಣೆಯಲ್ಲಿ ಹೆಚ್ಚು ಫಲ ಕಂಡದ್ದು 35ರಿಂದ 40 ಭೇಟಿಗಳ ಆಸುಪಾಸಿನಲ್ಲಿ.

ಕೋಣೆಯಲ್ಲಿ ಕತ್ತಿ ಇನ್ನೂ ಇಬ್ಬರ ಕೈಯಲ್ಲಿದೆ. ಈ ವಾರ ಏನೂ ಆಗದಿರಬಹುದು, ಮುಂದಿನ ವಾರವೂ ಆಗದಿರಬಹುದು. ಆರನೆಯದೋ ಏಳನೆಯದೋ ವಾರ ಒಬ್ಬನಿಗೆ ಹೊಳೆಯುತ್ತದೆ: ಕತ್ತಿ ಅವನಿಗೇ ಇರಲಿ, ನಾನು ಸಾಯುತ್ತೇನೆ. ಅಬ್ಬರದಿಂದ ನೆಲಕ್ಕೆ ಬೀಳುತ್ತಾನೆ. ಗೋಡೆಯ ಬಳಿಯಿದ್ದವಳು ಕಪಾಟಿನ ಕಡೆ ನಡೆದು ಡಾಕ್ಟರ್ ಪೆಟ್ಟಿಗೆ ತೆಗೆದುಕೊಳ್ಳುತ್ತಾಳೆ. "ಅಲುಗಾಡಬೇಡ" ಎಂದು ಸತ್ತವನಿಗೆ ಹೇಳುತ್ತಾಳೆ, "ನಿನಗೆ ಸೂಜಿ ಚುಚ್ಚಬೇಕು."